ಕಾಶವ್ವನ ಹೆಸರಿನ ಹದಿನೆಂಟು ಸಾವಿರ ಹೆಜ್ಜೆ

ನೆರೂಳಿನ ಒಂಬತ್ತನೆಯ ಮಹಡಿಯ ಬಾಲ್ಕನಿಯಲ್ಲಿ ಒಂದು ಬೆತ್ತದ ಕುರ್ಚಿ. ಬೆಳಿಗ್ಗೆ ಏಳೂವರೆಗೆ ಅದರಲ್ಲಿ ಕುಳಿತ ಕಾಶವ್ವ ಊಟಕ್ಕೆ ಏಳುತ್ತಿದ್ದಳು, ಊಟ ಮುಗಿಸಿ ಕುಳಿತರೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದಳು. ನಡುವಿನ ಸಮಯವನ್ನೆಲ್ಲ ಕೆಳಗಿನ ತೋಟದಲ್ಲಿ ಸುತ್ತು ಹಾಕುವವರನ್ನು ಬೈಯುವುದಕ್ಕೆ ಮೀಸಲಿಟ್ಟಿದ್ದಳು.

ಬೈಯುವುದಕ್ಕೆ ಸಾಮಗ್ರಿಯ ಕೊರತೆ ಇರಲಿಲ್ಲ ಎನ್ನಿ. ಮೂರು ಸೆಕ್ಟರ್ ಆಚೆಯಿಂದ ಕಾರಿನಲ್ಲಿ ಬಂದು, ಕಾರು ನಿಲ್ಲಿಸಲು ಜಾಗ ಹುಡುಕುತ್ತ ಕಾಲು ಗಂಟೆ ಸುತ್ತಿ, ಆಮೇಲೆ ಇಳಿದು ನಡೆಯುವವರು ಅಲ್ಲಿದ್ದರು. ಕಾಗೆ ಓಡಿಸುವವಳಂತೆ ಕೈ ಬೀಸುವ ಹೆಂಗಸಿದ್ದಳು. ಎಂಟು ಸುತ್ತು ಮುಗಿಸಿ ಗೇಟಿನ ಬಳಿ ಎರಡು ವಡಾಪಾವ್ ತಿಂದು ಬೆವರು ಒರೆಸಿಕೊಳ್ಳುವ ಗುಂಪಿತ್ತು. ಒಬ್ಬ ಮನುಷ್ಯ ದಿನವೂ ಹಿಮ್ಮುಖವಾಗಿ ನಡೆಯುತ್ತಿದ್ದ. ಹುಟ್ಟಿದಾಗಿನಿಂದ ಮುಂದಕ್ಕೆ ಹೋಗಲು ಬರಲಿಲ್ಲ, ಈಗ ಹಿಂದಕ್ಕೆ ಹೊರಟಿದ್ದಾನೆ ಎಂದು ಕಾಶವ್ವ ಮೂಗು ಮುರಿಯುತ್ತಿದ್ದಳು.

ಆಕೆಯ ಗಂಡ ಶಿವಪ್ಪನೂ ಆ ಬೈಗುಳದಿಂದ ಹೊರಗುಳಿದವನಲ್ಲ. ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತನಾದ ಈ ಒಣಕಲು ಮನುಷ್ಯ ಬೆಳಿಗ್ಗೆ ಹಾಲಿಗೆಂದು ಒಂದು ಸಲ, ಸೊಪ್ಪಿಗೆಂದು ಸೀವುಡ್ಸ್‌ವರೆಗೆ ಇನ್ನೊಂದು ಸಲ, ಸಂಜೆ ಯಾಕೆಂದು ತನಗೇ ತಿಳಿಯದೆ ಮತ್ತೊಂದು ಸಲ ಹೊರಗೆ ಹೋಗಿ ಬರುತ್ತಿದ್ದ. ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಮೆಂತ್ಯ ಬಾಗಿಲಿಗೆ ಬರುವ ಕಾಲದಲ್ಲಿ ಈ ಮನುಷ್ಯ ಚೀಲ ಹಿಡಿದು ಬೀದಿ ಅಳೆಯುವುದು ಕಾಶವ್ವನಿಗೆ ಅವಮಾನವೆನಿಸುತ್ತಿತ್ತು. ಅರವತ್ತೊಂಬತ್ತಕ್ಕೂ ಅವನ ಬಿಪಿ ಸರಿಯಾಗಿತ್ತು. ಅದನ್ನು ಆಕೆ ಅವನ ಜಿಪುಣತನಕ್ಕೆ ದೇವರು ಹಾಕಿದ ಭಿಕ್ಷೆ ಎಂದುಕೊಂಡಿದ್ದಳು.

ಒಂದು ಮಾತು ಒಪ್ಪಬೇಕು. ದುಡಿಮೆಯ ವಿಷಯದಲ್ಲಿ ಕಾಶವ್ವನಿಗೆ ಬಾಯಿ ಮಾಡುವ ಅಧಿಕಾರವಿತ್ತು. ಜಮಖಂಡಿ ಕಡೆಯಿಂದ ಮದುವೆಯಾಗಿ ಬಂದವಳು ಡೊಂಬಿವಲಿಯಲ್ಲಿ ಇಪ್ಪತ್ತೆಂಟು ವರ್ಷ ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ ಸಂಸಾರ ಮಾಡಿದ್ದಳು. ನೀರು ನೆಲಮಹಡಿಗೆ ಮಾತ್ರ ಬರುತ್ತಿತ್ತು. ದಿನಕ್ಕೆ ಹತ್ತು ಕೊಡ ಹೊತ್ತು ಮೆಟ್ಟಿಲು ಹತ್ತಿ, ಕಾರ್ಖಾನೆಯ ಒಂಟಿ ಹುಡುಗರ ಡಬ್ಬಿಗಳಿಗೆ ಅರವತ್ತು ಜೋಳದ ರೊಟ್ಟಿ ಬಡಿದು, ಆ ಡಬ್ಬಿಗಳನ್ನು ತಾನೇ ಕೊಟ್ಟು ಬರುತ್ತಿದ್ದಳು. ಆಗ ಅದನ್ನು ಯಾರೂ ವ್ಯಾಯಾಮ ಎನ್ನಲಿಲ್ಲ. ಹಣೆಬರಹ ಎಂದರು. ಶಾಲು ಹೊದಿಸುವ ಮಾತಂತೂ ಯಾರ ತಲೆಗೂ ಹೊಳೆಯಲಿಲ್ಲ.

ಆರು ವರ್ಷದ ಹಿಂದೆ ಮಗ ಸಿದ್ಧೇಶ್ವರ ನೆರೂಳಿನಲ್ಲಿ ಎರಡು ಲಿಫ್ಟಿರುವ ಕಟ್ಟಡದಲ್ಲಿ ಮನೆ ಮಾಡಿದ. ಲಿಫ್ಟಿನ ಬಾಗಿಲು ಮೊದಲ ಸಲ ತೆರೆದುಕೊಂಡಾಗಲೇ ಕಾಶವ್ವನಿಗೆ ತನ್ನ ಜನ್ಮದ ದುಡಿಮೆ ಮುಗಿಯಿತು ಎಂಬ ತೀರ್ಮಾನ ಬಂತು. ಕಸ, ಮುಸುರೆ, ಬಟ್ಟೆಗೆ ಚಂದ್ರಬಾಯಿ ಬಂದಳು, ರೊಟ್ಟಿಗೆ ಇನ್ನೊಬ್ಬಳು. ಹೆಂಗಸಿಗೆ ದೊಡ್ಡಸ್ತಿಕೆ ಎಂದರೆ ಕುಳಿತಲ್ಲಿಂದ ಏಳದೆ ಕೆಲಸ ಮಾಡಿಸುವುದು ಎಂದು ಅವಳ ಅತ್ತೆಯ ಮನೆಯೂ ತವರುಮನೆಯೂ ಕಲಿಸಿದ್ದವು. ಎದ್ದು ನೀರು ಕುಡಿದರೆ ಸೊಸೆಯ ಮುಂದೆ ತನ್ನ ತೂಕ ಇಳಿಯುತ್ತದೆ ಎಂದು ನಂಬಿದ್ದ ಈಕೆ, ತೂಕ ಏರುವುದನ್ನು ಮಾತ್ರ ಗಮನಿಸಲಿಲ್ಲ.

ಎರಡು ವರ್ಷದಿಂದ ಬಲಗಾಲಿನ ಮೀನಖಂಡ ಹಿಡಿಯತೊಡಗಿತ್ತು. ಲಿಫ್ಟಿನಿಂದ ಗೇಟಿನವರೆಗೆ ಹೋಗುವಷ್ಟರಲ್ಲಿ ಯಾರೋ ಒಳಗಿಂದ ಹಿಂಡಿದ ಹಾಗೆ ನೋವು. ನಿಂತರೆ ಎರಡು ನಿಮಿಷಕ್ಕೆ ಮಾಯ. ನಡೆದರೆ ಬರುತ್ತದೆ, ನಿಂತರೆ ಹೋಗುತ್ತದೆ ಎಂದ ಮೇಲೆ ನಡೆಯದಿರುವುದೇ ಮದ್ದು ಎಂದು ಕಾಶವ್ವ ತನಗೆ ತಾನೇ ಚೀಟಿ ಬರೆದುಕೊಂಡಳು.

ಜೂನ್ ಒಂದಕ್ಕೆ ಆಕೆಯ ಹುಟ್ಟುಹಬ್ಬ. ಹುಟ್ಟಿದ್ದು ಯಾವ ಅಮಾವಾಸ್ಯೆಯ ಹಿಂದುಮುಂದೋ, ಈ ತಾರೀಖು ಆಧಾರ್ ಕಾರ್ಡಿನವರು ಕೊಟ್ಟದ್ದು. ಆ ದಿನ ಸೊಸೆ ಐಶ್ವರ್ಯಾ ಅತ್ತೆಯ ಕೈಗೆ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿದಳು. ಅತ್ತೆಯ ಬಿಪಿ ನೂರಾ ಅರವತ್ತು ಮುಟ್ಟಿತ್ತು, ಮಾಮೂಲಿ ಡಾಕ್ಟರು ನಡೆಯಿರಿ ಎಂದು ಮೂರು ಸಲ ಹೇಳಿ ಸುಮ್ಮನಾಗಿದ್ದರು. ಗಡಿಯಾರದ ಅಂಕಿ ಕಾಶವ್ವನ ಫೋನಿಗೂ ಅಲ್ಲಿಂದ ಮಗನ ಫೋನಿಗೂ ಹೋಗುತ್ತಿತ್ತು. ಅದು ತಾಸಿಗೊಮ್ಮೆ ಮಣಿಕಟ್ಟಿನಲ್ಲಿ ಗುಂಯ್‌ಗುಟ್ಟಿ ಏಳು ಎನ್ನುತ್ತಿತ್ತು. ಇದ್ಯಾವ ಹೊಸ ಅತ್ತಿ ಬಂದಾಳ ನನಗ ಎಂದು ಕಾಶವ್ವ ಅದರ ಮೇಲೆ ಸೆರಗು ಸುತ್ತಿಕೊಂಡಳು.

ಮೊದಲ ದಿನದ ಲೆಕ್ಕ ನಾನೂರ ಹನ್ನೆರಡು ಹೆಜ್ಜೆ. ಸಂಜೆ ಕಚೇರಿಯಿಂದ ಬಂದ ಸಿದ್ಧೇಶ್ವರ ಅದನ್ನು ನೋಡಿ, ಎಲ್ಲರೂ ಊಟಕ್ಕೆ ಕುಳಿತಾಗ, ನಮ್ಮ ಫ್ರಿಜ್ಜೂ ಇದಕ್ಕಿಂತ ಹೆಚ್ಚು ಅಲುಗಾಡುತ್ತದೆ ಎಂದುಬಿಟ್ಟ. ಸೊಸೆ ತುಟಿ ಕಚ್ಚಿ ನಗು ತಡೆದಳು. ಹತ್ತು ಕೊಡ ನೀರು ಹೊತ್ತು ಇವನನ್ನು ಬೆಳೆಸಿದವಳು ತುತ್ತು ಕೈಯಲ್ಲಿ ಹಿಡಿದು ಕುಳಿತಳು. ಅವಳಿಗೆ ನಿಜವಾಗಿಯೂ ನೋವಾಗಿತ್ತು. ಆದರೆ ನೋವಾದಾಗ ಬುದ್ಧಿ ಬರಬೇಕೆಂಬ ನಿಯಮವೇನೂ ಇಲ್ಲವಲ್ಲ.

ಮರುದಿನ ಏಳೂವರೆಗೆ ಚಂದ್ರಬಾಯಿ ಬಂದಳು. ಆಳಂದ ಕಡೆಯವಳು, ಶಿರವಣೆಯ ಚಾಳಿನಲ್ಲಿ ವಾಸ. ಈ ಮನೆಯಿಂದ ಆರಂಭಿಸಿ ಆರು ಮನೆ ಮುಗಿಸಿ, ಸಂಜೆ ಐದಕ್ಕೆ ಮತ್ತೆ ಇಲ್ಲಿಗೆ ಬಂದು ಮುಸುರೆ ತಿಕ್ಕಿ ಹೋಗುವವಳು. ಆರರಲ್ಲಿ ಮೂರು ಮನೆ ಲಿಫ್ಟಿಲ್ಲದ ಹಳೆಯ ಕಟ್ಟಡಗಳ ನಾಲ್ಕನೆಯ ಮಹಡಿಯಲ್ಲಿದ್ದವು. ಮಗನೂ ಸೊಸೆಯೂ ಆಗಲೇ ಕಚೇರಿಗೆ ಹೋಗಿದ್ದರು. ಕಾಶವ್ವ ಗಡಿಯಾರ ಬಿಚ್ಚಿ ಅವಳ ಕೈಗೆ ಕಟ್ಟಿದಳು.

ಇದನ್ನು ಮೋಸವೆಂದು ಆಕೆ ಎಣಿಸಲೇ ಇಲ್ಲ. ಅದೇ ಈ ಕತೆಯ ಸ್ವಾರಸ್ಯ. ಆಕೆಯ ಅಜ್ಜ, ಊರಿನ ಗೌಡ, ಕಾಯಿಲೆ ವಾಸಿಯಾದರೆ ದೀಡ ನಮಸ್ಕಾರ ಹಾಕುತ್ತೇನೆಂದು ಹರಕೆ ಹೊತ್ತಿದ್ದ. ವಾಸಿಯಾದ ಮೇಲೆ ಆ ದೊಡ್ಡ ಮೈ ನೆಲಕ್ಕೆ ಬಿದ್ದೇಳಲು ಒಪ್ಪಲಿಲ್ಲ. ಗೌಡನ ಹೆಸರು ಹೇಳಿ ಆಳುಮಗ ಒದ್ದೆ ಪಂಚೆಯಲ್ಲಿ ಬಿದ್ದು ಎದ್ದು ಗುಡಿ ಮುಟ್ಟಿದ. ಪುಣ್ಯ ಗೌಡನಿಗೆ, ಹೊಸ ಪಂಚೆ ಆಳಿಗೆ. ಊರಲ್ಲಿ ಒಬ್ಬನೂ ತಕರಾರು ಮಾಡಲಿಲ್ಲ. ಈಗಲೂ ಶ್ರಾವಣದಲ್ಲಿ ಸಿದ್ಧೇಶ್ವರನ ಹೆಸರು, ನಕ್ಷತ್ರ ಫೋನಿನಲ್ಲಿ ಹೇಳಿದರೆ ಊರಿನ ಪೂಜಾರಿ ಅವನಿಗಾಗಿ ಅಭಿಷೇಕ ಮಾಡುತ್ತಿದ್ದ. ಹಾಲು ಸುರಿದವನು ಒಬ್ಬ, ಫಲ ಇನ್ನೊಬ್ಬನಿಗೆ. ದೇವರೇ ಒಪ್ಪಿಕೊಂಡ ಪದ್ಧತಿಯನ್ನು ಈ ಗಡಿಯಾರ ಯಾಕೆ ಒಪ್ಪಬಾರದು?

ಚಂದ್ರಬಾಯಿ ಸುಲಭಕ್ಕೆ ಒಪ್ಪಿದಳು. ಕೈಯಲ್ಲಿ ಹೊಳೆಯುವ ಗಡಿಯಾರ ಕಂಡ ಮೇಲೆ ಉಳಿದ ಮನೆಯ ಮೇಡಂಗಳು ತನ್ನನ್ನು ತಡವಾಯಿತೆಂದು ಬೈಯುವ ಮೊದಲು ಒಂದು ಗಳಿಗೆ ತಡವರಿಸುತ್ತಿದ್ದರು, ಅಷ್ಟೇ ಅವಳಿಗೆ ಸಾಕಾಗಿತ್ತು. ಶಿವಪ್ಪ ಮಾತ್ರ ಬಾಗಿಲಲ್ಲಿ ನಿಂತು ಇದು ಬ್ಯಾಡ ಎಂದ. ಬೀದಿ ಅಳೆಯುವವರ ಸಲಹೆ ತನಗೆ ಬೇಕಿಲ್ಲ ಎಂದು ಕಾಶವ್ವ ಚೀಲ ತೋರಿಸಿದಳು. ಅವನು ಹಾಲಿಗೆ ಹೋದ.

ಆ ಸಂಜೆ ಮಗನ ಫೋನಿನಲ್ಲಿ ಹದಿನೆಂಟು ಸಾವಿರದ ಇನ್ನೂರು ಹೆಜ್ಜೆ ಬಂತು. ಸಿದ್ಧೇಶ್ವರ ಎರಡು ಸಲ ಕಣ್ಣುಜ್ಜಿಕೊಂಡು ನೋಡಿ, ಅವ್ವ ಹಟಕ್ಕೆ ಬಿದ್ದಳು ಎಂದು ಹಿಗ್ಗಿದ. ವಿವೇಕವಿದ್ದವನಾದರೆ ಕೇಳಬೇಕಿತ್ತು: ನಿನ್ನೆ ಗೇಟು ಮುಟ್ಟಲಾರದವಳು ಇಂದು ಹನ್ನೆರಡು ಕಿಲೋಮೀಟರು ಹೇಗೆ ನಡೆದಳು? ಆದರೆ ಹೆಮ್ಮೆಪಡುವುದಕ್ಕೆ ಸಿಕ್ಕ ಅಂಕಿಯನ್ನು ಪರೀಕ್ಷೆ ಮಾಡುವವರು ಯಾರು? ಅವನು ಅದನ್ನು ನೆಂಟರ ಗುಂಪಿಗೆ ಹಾಕಿದ. ಠಾಣೆಯ ಚಿಕ್ಕಪ್ಪ, ಕಲ್ಯಾಣದ ಬೀಗರು, ಹುಬ್ಬಳ್ಳಿಯ ಅತ್ತೆಯಂದಿರು ಕೈ ಮುಗಿದ ಚಿತ್ರಗಳನ್ನು ಕಳಿಸಿದರು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಇಲ್ಲಿ ಯಾರದೋ ಕಾಲು.

ಐದು ತಿಂಗಳು ಹೀಗೇ ನಡೆಯಿತು. ಅಂದರೆ ಚಂದ್ರಬಾಯಿ ನಡೆದಳು. ಮಳೆಗಾಲದಲ್ಲಿ ತೋಟದ ವಾಕಿಂಗ್ ವೀರರೆಲ್ಲ ಮನೆ ಸೇರಿದಾಗಲೂ ಕಾಶವ್ವನ ಅಂಕಿ ಇಳಿಯಲಿಲ್ಲ. ಕಾಶವ್ವನಿಗೇ ಒಂದೊಂದು ಸಲ ತಾನೇ ನಡೆದೆನೆಂಬ ಭ್ರಮೆ ಹತ್ತಿ, ಸಂಜೆ ಕುರ್ಚಿಯಿಂದ ಏಳುವಾಗ ಅಬ್ಬಾ ಕಾಲು ಎನ್ನುತ್ತಿದ್ದಳು.

ನವೆಂಬರಿನಲ್ಲಿ ಅಲ್ಲಿಯ ಕನ್ನಡಿಗರ ಬಳಗವೊಂದು ರಾಜ್ಯೋತ್ಸವಕ್ಕೆ ಹಿರಿಯರ ನಡಿಗೆ ಸ್ಪರ್ಧೆ ಇಟ್ಟಿತು. ಬಳಗದ ಅಧ್ಯಕ್ಷ ಮುರಾರಿ, ಸೀವುಡ್ಸ್‌ನಲ್ಲಿ ಹೋಟೆಲ್ ಇಟ್ಟುಕೊಂಡ ಉಡುಪಿ ಕಡೆಯವರು. ಅಕ್ಟೋಬರ್ ತಿಂಗಳ ಹೆಜ್ಜೆಯಲ್ಲಿ ಯಾರು ಮುಂದೋ ಅವರಿಗೆ ಸನ್ಮಾನ. ಕಾಶವ್ವ ಎರಡನೆಯವರಿಗಿಂತ ಇಮ್ಮಡಿ ಮುಂದಿದ್ದಳು. ನಾಲ್ಕು ಗಲ್ಲಿ ಆಚೆಯಿಂದ ಎಸಿ ಕಾರಿನಲ್ಲಿ ಬಂದ ಮುರಾರಿ ಮೈಕ್ ಹಿಡಿದು ನಡಿಗೆಯ ಮಹಿಮೆಯನ್ನು ಮುಕ್ಕಾಲು ಗಂಟೆ ಹೇಳಿದರು. ನಡುವೆ ಎರಡು ಸಲ ಕುಳಿತು ನೀರು ಕುಡಿದರು. ಆಮೇಲೆ ಕಾಶವ್ವನ ಹೆಸರು ಕೂಗಿದರು.

ಸಭಾಂಗಣದ ಕೊನೆಯ ಸಾಲಿನಿಂದ ವೇದಿಕೆಗೆ ಐವತ್ತು ಹೆಜ್ಜೆ, ಮೇಲೆ ಆರು ಮೆಟ್ಟಿಲು. ಮೂರನೆಯ ಮೆಟ್ಟಿಲಿಗೆ ಬಲಗಾಲು ಕಲ್ಲಾಯಿತು. ಕಾಶವ್ವ ಕಂಬಿ ಹಿಡಿದು ನಿಂತುಬಿಟ್ಟಳು. ಜನ ಅದನ್ನು ಭಾವುಕತೆ ಎಂದುಕೊಂಡು ಇನ್ನಷ್ಟು ಚಪ್ಪಾಳೆ ತಟ್ಟಿದರು. ಶಾಲು ಮೆಟ್ಟಿಲಿಗೇ ಇಳಿದು ಬಂತು. ಆದರೆ ಅತ್ತೆಯ ಬೆವರಿದ ಮುಖ ಕಂಡ ಐಶ್ವರ್ಯಾ ಚಪ್ಪಾಳೆ ತಟ್ಟಲಿಲ್ಲ. ಮಾರನೆಯ ವಾರ ರಕ್ತನಾಳದ ಡಾಕ್ಟರ ಬಳಿ ಹೋಗಲೇಬೇಕೆಂದು ಹಟ ಹಿಡಿದವಳು ಅವಳೇ.

ಡಾಕ್ಟರ್ ಅನೀಶ ಮಂಗಳೂರಿನವರು, ನಲವತ್ತರ ಆಸುಪಾಸು. ಕಾಶವ್ವನನ್ನು ಮಲಗಿಸಿ ತೋಳಿಗೊಮ್ಮೆ, ಕಣಕಾಲಿಗೊಮ್ಮೆ ಪಟ್ಟಿ ಕಟ್ಟಿ ಒತ್ತಡ ನೋಡಿದರು. ತೋಳಿನಲ್ಲಿರುವುದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಬಲಗಾಲಿನಲ್ಲಿತ್ತು. ಕಾಲಿಗೆ ಹೋಗುವ ನಾಳ ಗಟ್ಟಿಯಾಗಿ, ಒಳಗೆ ಕೊಬ್ಬು ಕಟ್ಟಿ ಕಿರಿದಾಗಿದೆ ಎಂದು ಬಿಡಿಸಿ ಹೇಳಿದರು. ಇಂಥವರಿಗೆ ಮಾತ್ರೆಯ ಜೊತೆ ಮೊದಲು ಕೊಡುವ ಮದ್ದೇ ನಡಿಗೆ, ಎಷ್ಟು ನಡೆಯುತ್ತೀರಿ ಎಂದು ಕೇಳಿದರು. ಕಾಶವ್ವ ಬಾಯಿ ತೆರೆಯುವ ಮೊದಲೇ ಸಿದ್ಧೇಶ್ವರ ಫೋನು ಮುಂದೆ ಹಿಡಿದ. ಐದು ತಿಂಗಳ ಅಂಕಿ, ಹತ್ತಿದ ಮಹಡಿಗಳು, ನಾಡಿಯ ಬಡಿತ, ಕೊನೆಯಲ್ಲಿ ಶಾಲಿನ ಫೋಟೊ.

ಡಾಕ್ಟರು ಬಹಳ ಹೊತ್ತು ನೋಡಿದರು. ನಾಡಿಯ ಅಂಕಿಯ ಮೇಲೆ ಬೆರಳಿಟ್ಟು, ತಾವು ಎಣಿಸಿದ್ದಕ್ಕೂ ಇದಕ್ಕೂ ತಾಳೆಯಾಗುವುದಿಲ್ಲವಲ್ಲ ಎಂದರು. ಗಡಿಯಾರಗಳು ಹಾಗೇ ಎಂದು ಸಿದ್ಧೇಶ್ವರ ಸಮಾಧಾನ ಹೇಳಿದ. ಡಾಕ್ಟರು ನಿಟ್ಟುಸಿರು ಬಿಟ್ಟು ಕಾಶವ್ವನ ಕಡೆ ತಿರುಗಿದರು.

"ಅಮ್ಮ, ಇಷ್ಟು ನಡೆದೂ ಕಾಲಿಗೆ ರಕ್ತ ಹೋಗುದಿಲ್ಲ ಅಂತಾದ್ರೆ ನಡಿಗೆಯಿಂದ ಇದು ಸರಿ ಆಗ್ಲಿಕ್ಕಿಲ್ಲ. ತಂತಿ ಹಾಕಿ ನಾಳ ಬಿಡಿಸಬೇಕು. ಅದೂ ಆಗದಿದ್ರೆ ಕೊಯ್ದು ಬೇರೆ ದಾರಿ ಮಾಡ್ಬೇಕಾಗ್ತದೆ. ಹತ್ತು ದಿನ ಬಿಟ್ಟು ಬನ್ನಿ, ನೋಡುವ."

ಕೊಯ್ಯುವುದು ಎಂಬ ಒಂದೇ ಮಾತು ಕಾಶವ್ವನ ಕಿವಿಯಲ್ಲಿ ಉಳಿಯಿತು. ಡೊಂಬಿವಲಿಯ ಪಕ್ಕದ ಮನೆಯಾಕೆಯ ಕಾಲನ್ನು ಮೊಣಕಾಲಿನವರೆಗೆ ತೆಗೆದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಡಾಕ್ಟರು ಕಾಲು ತೆಗೆಯುವ ಮಾತೇ ಆಡಿರಲಿಲ್ಲ, ಆದರೆ ಹೆದರಿದವಳಿಗೆ ಅಷ್ಟು ಬಿಡಿಸಿ ಕೇಳುವ ತಾಳ್ಮೆ ಎಲ್ಲಿಯದು? ಒಂದು ಮಾತು ಆಡಿದ್ದರೆ ಅಲ್ಲೇ ಮುಗಿಯುತ್ತಿತ್ತು. ಆ ಮಾತು ಆಡಿದರೆ ಶಾಲು ಹೋಗುತ್ತಿತ್ತು, ಮುರಾರಿಯ ಬಳಗದಲ್ಲಿ, ಹುಬ್ಬಳ್ಳಿಯವರೆಗಿನ ನೆಂಟರಲ್ಲಿ ಮಾನ ಹೋಗುತ್ತಿತ್ತು, ಫ್ರಿಜ್ಜಿನ ಮಾತು ಮತ್ತೆ ಊಟದ ಎಲೆಗೆ ಬರುತ್ತಿತ್ತು. ಕಾಶವ್ವ ಬಾಯಿ ಬಿಗಿದುಕೊಂಡು ಮನೆಗೆ ಬಂದಳು. ಮಾನಕ್ಕೋಸ್ಕರ ಜೀವ ಕೊಡುವವರ ಕತೆ ಕೇಳಿದ್ದೇವೆ. ಅಂಕಿಗೋಸ್ಕರ ಕಾಲು ಕೊಡಲು ಹೊರಟವಳು ಈಕೆಯೊಬ್ಬಳೇ ಇರಬೇಕು.

ಒಂದು ವಾರ ಕುರ್ಚಿಯಲ್ಲಿ ಕುಳಿತು ಕಾಲು ನೀವಿಕೊಂಡಳು. ತೋಟದವರನ್ನು ಬೈಯಲಿಲ್ಲ. ಹಿಮ್ಮುಖವಾಗಿ ನಡೆಯುವವನ ಕಾಲನ್ನು ಕಣ್ಣು ಕೀಲಿಸಿ ನೋಡುತ್ತಿದ್ದಳು. ಎಂಟನೆಯ ದಿನ ಸಂಜೆ ಚಂದ್ರಬಾಯಿ ಗಡಿಯಾರ ಬಿಚ್ಚಿಕೊಡಲು ಬಂದಾಗ, ಇನ್ನೆರಡು ದಿನಕ್ಕೆ ತನ್ನ ಕಾಲು ಕೊಯ್ಯುತ್ತಾರೆ ಎಂದಳು. ಯಾಕೆಂದು ಚಂದ್ರಬಾಯಿ ಕೇಳಿದಳು. ಇಷ್ಟು ನಡೆದರೂ ರಕ್ತ ಹರಿಯುತ್ತಿಲ್ಲವಂತೆ ಎಂದು ಕಾಶವ್ವ ಡಾಕ್ಟರ ಮಾತನ್ನೇ ಹೇಳಿದಳು.

ಚಂದ್ರಬಾಯಿ ಗಡಿಯಾರ ಕೈಯಲ್ಲಿ ಹಿಡಿದು ಆಕೆಯ ಮುಖವನ್ನೇ ನೋಡಿದಳು.

"ಅಕ್ಕಾರ, ನಡದಾಕಿ ನಾನು. ಕಾಲ್ ಕೊಯ್ಯೋದು ನಿಮ್ದಾ?"

ಕಾಶವ್ವ ತೋಟದ ಕಡೆ ಮುಖ ತಿರುಗಿಸಿದಳು. ಚಂದ್ರಬಾಯಿ ಬಿಡಲಿಲ್ಲ.

"ನನ್ನ ಕಾಲು ಸಂಜೀಕ ಇಷ್ಟ ದಪ್ಪ ಬಾತಿರ್ತಾವ, ಅವನ್ನ ಒಬ್ರೂ ನೋಡಿಲ್ಲ. ನೀವು ನಡೀಲಾರದ ಕಾಲ ನೋಡಾಕ ಅಷ್ಟು ದೊಡ್ಡ ಡಾಕ್ಟರ್ ಅದಾನ. ಅವಂಗೂ ಸುಳ್ಳ ಹೇಳಿ ಬಂದೀರಿ. ನೀವು ಹೇಳಲಿಲ್ಲಂದ್ರ ನಾಳಿ ನಾನ ಸಾಹೇಬರಿಗಿ ಹೇಳ್ತೀನಿ. ನಿಮ್ ಕಾಲ್ ಹೋದ್ ಪಾಪ ನನ್ ತಲಿಮ್ಯಾಗ ಬ್ಯಾಡ."

ಕೆಲಸದವಳ ಬಾಯಿ ಉದ್ದವಾಯಿತೆಂದು ಬೇರೆ ದಿನವಾದರೆ ಕಾಶವ್ವ ಮನೆಯನ್ನೇ ತಲೆಯ ಮೇಲೆ ಹೊರುತ್ತಿದ್ದಳು. ಅಂದು ಅವಳ ಕಣ್ಣು ಚಂದ್ರಬಾಯಿಯ ಪಾದದ ಮೇಲಿತ್ತು. ಅವು ನಿಜವಾಗಿಯೂ ಬಾತಿದ್ದವು. ಐದು ತಿಂಗಳಿಂದ ಆ ಪಾದಗಳು ನಡೆದದ್ದನ್ನು ಎಣಿಸಿಕೊಂಡಿದ್ದಳು, ಪಾದಗಳನ್ನು ಮಾತ್ರ ಈ ದಿನದವರೆಗೆ ನೋಡಿರಲಿಲ್ಲ. ನಾಚಿಕೆ ಎಂಬುದು ಆಕೆಗೆ ಆಗ ಬಂತು, ತಡವಾಗಿಯಾದರೂ ಬಂತು.

ಹತ್ತನೆಯ ದಿನ ಡಾಕ್ಟರ ಮುಂದೆ, ಮಗನೂ ಸೊಸೆಯೂ ಇದ್ದಾಗ, ಕಾಶವ್ವ ನೆಲ ನೋಡುತ್ತ ಹೇಳಿದಳು.

"ಡಾಕ್ಟರ, ಆ ಹೆಜ್ಜಿ ನನ್ವಲ್ಲ. ಕೆಲಸಕ್ಕ ಬರೋ ಚಂದ್ರಬಾಯಿವು. ನಾ ಕುರ್ಚ್ಯಾಗ ಕುಂತಿದ್ದೆ."

ಸಿದ್ಧೇಶ್ವರನ ಮುಖ ಬಿಳಿಚಿತು. ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕೇಬಿಟ್ಟರು. ಆಮೇಲೆ ಸಿಟ್ಟಾದರು. ಇವತ್ತೂ ಹೇಳದಿದ್ದರೆ ತಂತಿ ಹಾಕಲು ಬರೆದುಕೊಡುತ್ತಿದ್ದೆ, ತೆಗೆದುಕೊಳ್ಳದ ಮದ್ದು ಫಲಿಸಲಿಲ್ಲವೆಂದು ಅದನ್ನು ಕೈಬಿಡುತ್ತಿದ್ದೆ ಎಂದು ಗದರಿದರು. ಡೊಂಬಿವಲಿಯಲ್ಲಿ ತಾನು ಹೊತ್ತ ನೀರಿನ ಲೆಕ್ಕವಿಲ್ಲವೇ ಎಂದು ಕಾಶವ್ವ ಸಣ್ಣ ದನಿಯಲ್ಲಿ ಕೇಳಿದಳು. ಅಂದು ಉಂಡ ಊಟ ಇಂದು ಹೊಟ್ಟೆ ತುಂಬಿಸುತ್ತದೆಯೇ ಎಂದು ಅವರು ತಿರುಗಿ ಕೇಳಿದರು. ನಡೆದಾಗ ರಕ್ತ ಜೋರಾಗಿ ಹರಿದು ನಾಳದ ಒಳಮೈಯನ್ನು ಮೆತ್ತಗೆ ಇಡುತ್ತದೆ, ದಿನವಿಡೀ ಕುಳಿತರೆ ಅದು ಜಡ್ಡುಗಟ್ಟುತ್ತದೆ ಎಂದರು. ಕಾಶವ್ವನಿಗೆ ಡೊಂಬಿವಲಿಯಲ್ಲಿ ಬೀಗ ಹಾಕಿದ್ದ ನೆಲಮಹಡಿಯ ಮನೆಯೊಂದರ ಹೊರಗಿನ ನಲ್ಲಿ ನೆನಪಾಯಿತು. ವರ್ಷಗಟ್ಟಲೆ ತಿರುಗಿಸದೆ ಬಿಟ್ಟ ಆ ನಲ್ಲಿಯಿಂದ ತುಕ್ಕಿನ ಕೆಂಪು ನೀರು ತೊಟ್ಟಿಕ್ಕುತ್ತಿತ್ತು.

ಮೂರು ತಿಂಗಳು ಮಾತ್ರೆ, ಜೊತೆಗೆ ನಡಿಗೆ. ನೋವು ಬರುವವರೆಗೆ ನಡೆಯಬೇಕು, ನಿಲ್ಲಬೇಕು, ಹೋದ ಮೇಲೆ ಮತ್ತೆ ನಡೆಯಬೇಕು. ತಾಸಿಗೊಮ್ಮೆ ಕುರ್ಚಿ ಬಿಟ್ಟೇಳಬೇಕು. ಆಮೇಲೂ ಸುಧಾರಿಸದಿದ್ದರೆ ತಂತಿಯ ಮಾತು. ಕಾಲು ಉಳಿಯಿತೆಂದು ಯಾರೂ ಬರೆದುಕೊಡಲಿಲ್ಲ, ಅದನ್ನು ಉಳಿಸಿಕೊಳ್ಳುವ ಕೆಲಸವನ್ನು ಅದರ ಒಡತಿಗೇ ಒಪ್ಪಿಸಿದರು. ಹೊರಡುವಾಗ ಕಾಶವ್ವ ಬಾಗಿಲಲ್ಲಿ ನಿಂತು, ಬಾತ ಕಾಲಿನ ಒಬ್ಬಾಕೆಯನ್ನು ಕರೆತಂದರೆ ನೋಡುತ್ತೀರಾ ಎಂದು ಕೇಳಿದಳು. ಕರೆತನ್ನಿ ಎಂದರು.

ಮನೆಗೆ ಬಂದ ಮೇಲೆ ಸಿದ್ಧೇಶ್ವರ ಬಾಯಿ ಬಿಟ್ಟ. ಅವ್ವನ ಕಾಲು ಹೇಗಿದೆ ಎಂದು ಕೇಳಲಿಲ್ಲ. ಸಂಕ್ರಾಂತಿಗೆ ಬಳಗದವರು ಎರಡನೆಯ ಸ್ಪರ್ಧೆ ಇಟ್ಟಿದ್ದಾರೆ, ಅವ್ವನ ಫೋಟೊ ಆಗಲೇ ಹಂಚಿದ್ದಾರೆ, ಅಂಕಿ ಒಮ್ಮೆಲೇ ಬಿದ್ದರೆ ಜನ ಕೇಳುತ್ತಾರೆ ಎಂದು ಶುರುಮಾಡಿ, ತನ್ನ ಉಪಾಯ ಹೇಳಿದ.

"ಅವ್ವಾ, ನೀ ಹಂಗ ನಡಿ, ಗಡಿಯಾರ ಬ್ಯಾಡ. ಜನವರಿ ಮಟಾ ಅದು ಚಂದ್ರಬಾಯಿ ಕೈಯಾಗ ಇರಲಿ."

ಹತ್ತು ಕೊಡ ನೀರು ಹೊತ್ತು ಬೆಳೆಸಿದ್ದು ಇದನ್ನೇ. ಕಾಶವ್ವ ಮಗನನ್ನು ನೋಡಿದಳು. ಇಷ್ಟು ದಿನ ತಾನು ಕನ್ನಡಿಯಲ್ಲಿ ಯಾರನ್ನು ನೋಡಿಕೊಂಡೆನೋ ಅವಳೇ ಮೀಸೆ ಇಟ್ಟುಕೊಂಡು ಎದುರು ನಿಂತಂತೆ ಕಂಡಿತು. ಎದ್ದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಗಡಿಯಾರವನ್ನು ತನ್ನ ಕೈಗೇ ಕಟ್ಟಿಕೊಂಡಳು. ಶಿವಪ್ಪ ಹಾಲಿಗೆ ಹೊರಟಾಗ, ತಡೀರಿ ನಾನೂ ಬರತೇನಿ ಎಂದಳು. ಅವನು ಚೀಲ ಹಿಡಿದು ನಿಂತ, ಒಂದು ಮಾತೂ ಆಡಲಿಲ್ಲ. ಮೂವತ್ತೈದು ವರ್ಷ ಬಾಯಿ ಮುಚ್ಚಿಕೊಂಡಿದ್ದ ಗಂಡನ ಗುಣಕ್ಕೆ ಅಂದು ಬೆಲೆ ಬಂತು. ಗೇಟಿನ ಬಳಿ ಕಾಲು ಹಿಡಿಯಿತು, ನಿಂತಳು. ಔಷಧಿ ಅಂಗಡಿಯ ಮುಂದೆ ನಿಂತಳು. ಹಾಲಿನ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಏಳು ಸಲ ನಿಂತಳು. ಹಿಮ್ಮುಖವಾಗಿ ನಡೆಯುವವನು ಎರಡು ಸಲ ಅವಳನ್ನು ದಾಟಿ ಹೋದ.

ಸಂಜೆ ಬಳಗದ ಗುಂಪಿನಲ್ಲಿ ಹಿರಿಯರ ಅಂಕಿಗಳು ತಾವಾಗಿಯೇ ಬಿದ್ದವು. ಕಾಶವ್ವ, ಒಂದು ಸಾವಿರದ ಮುನ್ನೂರ ಆರು. ಐದೇ ನಿಮಿಷಕ್ಕೆ ಮುರಾರಿಯ ಫೋನು ಬಂತು. ಮಗ ಎತ್ತಬೇಡ ಎಂದು ಕೈಸನ್ನೆ ಮಾಡುತ್ತಿದ್ದ, ಕಾಶವ್ವ ಅವನ ಕೈ ಸರಿಸಿ ಫೋನೆತ್ತಿದಳು. ಅಂಕಿ ತೀರಾ ಇಳಿದಿದೆ, ಏನಾಯಿತು, ಆರೋಗ್ಯ ಸರಿಯಿಲ್ಲವೇ ಎಂದು ಮುರಾರಿ ಗಾಬರಿಯಿಂದ ಕೇಳಿದರು.

"ಏನೂ ಆಗಿಲ್ರಿ," ಎಂದಳು ಕಾಶವ್ವ. "ಇವತ್ತ ನಾ ನಡದೇನಿ."